ಪಾಸ್‌ಪೋರ್ಟ್ ಬದಲಾಯಿಸಿದ್ರೆ ದೇಶಕ್ಕೆ ಮೋಸನಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಉತ್ತರ ತಡ ಆಯ್ತು. ನಾನೀಗ ಮೆಲ್ಬರ್ನ್‌ನಲ್ಲಿಲ್ಲ ಮಾರಾಯ, ಅಡಿಕೆ ಕೊನೆ ಕೊಯ್ಲಿಗೆ ಅಂತ ಹೊಸನಗರದ ಕಡೆ ಊರಿಗೆ ಬಂದಿದೀನಿ, ಇಲ್ಲಿ ನೆಟ್‌ವರ್ಕ್ ಸಿಗೋದು ಜಗಲಿ ತುದೀಲಿ ಮಾತ್ರ, ಅಲ್ಲಿ ಕೂತ್ರೆ ಅಡಿಕೆ ಬೇಯಿಸೋ ಹಂಡೆ ಹೊಗೆ ಕಣ್ಣಿಗೇ ಬರತ್ತೆ.

ನೀನು ಆಸ್ಟ್ರೇಲಿಯಾಕ್ಕೆ ಓದೋಕೆ ಅಂತ ಬಂದು ಆರು ತಿಂಗ್ಳಾಗಿದೆ, ಮುಂದೆ ಪಿಆರ್ (ಕಾಯಂ ವಾಸದ ಪರವಾನಗಿ) ಆಗಿ ಅಲ್ಲಿನ ಪೌರತ್ವ ತಗೊಂಡ್ರೆ ದೇಶಕ್ಕೆ ಮೋಸ ಮಾಡ್ದಂಗಾ ಅಂತ ಕೇಳಿದೀಯ. ಶಿಕಾರಿಪುರದಲ್ಲಿರೋ ದೊಡ್ಡಪ್ಪ "ಈಸೂರಿನ ಮಗ್ಗುಲಲ್ಲಿ ಹುಟ್ಟಿ ಇದೆಂತದೋ ನಿಂದು" ಅಂತ ಬೈದ್ರು ಅಂತಾನೂ ಬರ್ದಿದೀಯ.

ಮೊದ್ಲು ಕಾನೂನಿನ ಮಾತು ಮುಗಿಸ್ತೀನಿ. ನಮ್ಮಲ್ಲಿ ಎರಡು ದೇಶದ ಪೌರತ್ವ ಇಟ್ಕಳೋ ಹಂಗಿಲ್ಲ, ನೀನು ಅಲ್ಲಿ ಪ್ರಮಾಣ ತಗೊಂಡ ದಿನವೇ 1955ರ ಪೌರತ್ವ ಕಾಯ್ದೆ ಪ್ರಕಾರ ಇಲ್ಲಿಂದು ತಾನಾಗೇ ಹೋಯ್ತು, ಆಮೇಲೆ ಪಾಸ್‌ಪೋರ್ಟ್ ವಾಪಸ್ ಒಪ್ಪಿಸಿ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್‌ಗೆ ಅರ್ಜಿ ಹಾಕ್ಬೇಕು. ಅದರ ಹೆಸರಲ್ಲಿ ಸಿಟಿಜನ್ ಅಂತ ಇದ್ರೂ ಅದು ಜೀವಮಾನದ ವೀಸಾ ಅಷ್ಟೆ. ವೋಟಿಲ್ಲ. ತೋಟ ಗದ್ದೆ ಕೊಂಡ್ಕಳೋಕೆ ಆಗಲ್ಲ, ಅಪ್ಪ ಬಿಟ್ಟು ಹೋಗಿದ್ದು ಬಂದ್ರೆ ಇಟ್ಕಬಹುದು. ಪಕ್ಕದ ಮನೆಯೋರು ತೋಟ ಮಾರ್ತಾರೆ ಅಂತ ಗೊತ್ತಾದಾಗ ಇದು ಚುರ್ರ್ ಅನ್ನತ್ತೆ ನೋಡು.

ಇನ್ನು ಈಸೂರು. ದೊಡ್ಡಪ್ಪ ಹೇಳಿದ್ದು "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಘೋಷಣೆ ನೆನಪಲ್ಲಿ, ಸರಿ. ಆದ್ರೆ 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಆ ಊರಿನೋರು ಬರೀ ಘೋಷಣೆ ಕೂಗ್ಲಿಲ್ಲ, ಕಂದಾಯ ಕೊಡಲ್ಲ ಅಂದ್ರು, ನಮ್ಮದೇ ಸರ್ಕಾರ ಅಂತ ಬಾವುಟ ಕಟ್ಟಿ ಹುಡುಗರನ್ನೇ ಅಮಲ್ದಾರ, ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ರು. ಆಮೇಲಿನ ಗಲಾಟೇಲಿ ಅಧಿಕಾರಿಗಳ ಪ್ರಾಣ ಹೋಯ್ತು, 1943ರಲ್ಲಿ ಊರಿನ ಐದು ಜನಕ್ಕೆ ಗಲ್ಲಾಯ್ತು. ನಮ್ಮೂರನ್ನ ಯಾರು ಆಳ್ಬೇಕು ಅಂತ ಕೇಳೋ ಹಕ್ಕಿಗೆ ಅಷ್ಟು ಕೊಟ್ರು. ಆ ಹಕ್ಕು ನಮಗೆ ಪುಕ್ಕಟೆ ಸಿಕ್ತು, ನಾನೇನ್ ಮಾಡ್ದೆ ಕೇಳು.

2008ರ ವಿಧಾನಸಭೆ ಚುನಾವಣೆಗೆ ನನ್ನ ಹೆಸರು ಊರಿನ ಪಟ್ಟೀಲಿತ್ತು, ನಾನು ಬೆಂಗ್ಳೂರಲ್ಲಿ ಕೆಲಸಕ್ಕಿದ್ದೆ, ಒಂದು ರಾತ್ರಿ ಬಸ್ಸು ಅಷ್ಟೇ, ಹೋಗ್ಲಿಲ್ಲ. ಅಪ್ಪಯ್ಯ ನಡ್ಕೊಂಡು ಹೋಗಿ ವೋಟ್ ಹಾಕಿ ಬಂದು, ಬೂತ್ ಹೊರಗೆ ಕೂತೋರು "ಮಗ ಬರ್ಲಿಲ್ವಾ" ಅಂತ ಕೇಳಿದ್ರು ಅಂದ್ರು, ಬೇರೆ ಒಂದು ಮಾತೂ ಆಡ್ಲಿಲ್ಲ. ಅದೇ ನಾನು ಆಸ್ಟ್ರೇಲಿಯಾ ಪ್ರಜೆ ಆದ್ಮೇಲೆ ಒಂದು ಚುನಾವಣೇನೂ ತಪ್ಪಿಸಿಲ್ಲ, ಯಾಕಂದ್ರೆ ಅಲ್ಲಿ 1924ರಿಂದ ವೋಟ್ ಹಾಕೋದು ಕಡ್ಡಾಯ, ಫೆಡರಲ್ ಚುನಾವಣೆಗೆ ಹೋಗ್ಲಿಲ್ಲ ಅಂದ್ರೆ 20 ಡಾಲರ್ ದಂಡ. ಶನಿವಾರ ಶಾಲೆ ಅಂಗಳದಲ್ಲಿ ಕ್ಯೂ ನಿಂತು, ಸಾಸೇಜ್ ಸುಡೋ ವಾಸನೆ ಕುಡೀತಾ (ನಂದು ಬರೀ ಈರುಳ್ಳಿ ಬ್ರೆಡ್ಡು), ಇಪ್ಪತ್ತು ಡಾಲರ್‌ಗೆ ಹೆದರೋನು ಅಪ್ಪನ ಮುಖಕ್ಕೆ ಹೆದರ್ಲಿಲ್ವಲ್ಲ ಅಂತ ನಾಚಿಕೆ ಆಯ್ತು.

ಅದಕ್ಕೇ ಪಾಸ್‌ಪೋರ್ಟ್ ಬದಲಾಯಿಸೋದು ಮೋಸ ಅಂತ ನಂಗನ್ಸಲ್ಲ, ಇದ್ದ ಪೌರತ್ವನ ಬಳಸದೇ ಇಟ್ಕಂಡಿದ್ದೇ ನಾನು ಮಾಡಿದ ಮೋಸ. ನೀನಿನ್ನೂ ಭಾರತದ ಪ್ರಜೆ. ಫಾರಂ 6ಎ ಅಂತ ಇದೆ, ಹೊರದೇಶದಲ್ಲಿರೋರು ಪಾಸ್‌ಪೋರ್ಟಲ್ಲಿರೋ ಊರಿನ ಪಟ್ಟೀಲೇ ಹೆಸರು ಸೇರಿಸ್ಕಬಹುದು. ವೋಟ್ ಹಾಕೋಕೆ ಮಾತ್ರ ಬೂತಿಗೇ ಬರ್ಬೇಕು, ಪಾಸ್‌ಪೋರ್ಟ್ ತೋರಿಸ್ಬೇಕು, ಅಲ್ಲಿಂದ ಆನ್‌ಲೈನ್ ಎಂತದೂ ಇಲ್ಲ. ಟಿಕೆಟ್ ರೇಟ್ ನೋಡಿದ್ರೆ ಪ್ರತಿ ಸಲ ಆಗಲ್ಲ ಬಿಡು, ರಜೆ ಹೊಂದಿದ್ರೆ ಬಾ.

ಹಂಗೇ ನೀನೀಗ ಇರೋ ಊರಿಗೂ ಏನಾದ್ರೂ ಮಾಡು, ಅದಕ್ಕೆ ಪೌರತ್ವ ಬೇಕಾಗಿಲ್ಲ. ವಿಕ್ಟೋರಿಯಾದ ಹಳ್ಳಿ ಕಡೆ ಕಾಡಿಗೆ ಬೆಂಕಿ ಬಿದ್ರೆ ಓಡೋರಲ್ಲಿ ಹೆಚ್ಚಿನೋರು ಸಂಬಳ ಇಲ್ದ ವಾಲಂಟಿಯರ್‌ಗಳು. ನಮ್ಮಲ್ಲಿ ಬೇಸಿಗೇಲಿ ಬೇಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಬಿದ್ರೆ ಕೇರಿಯೋರೆಲ್ಲ ಹಸಿ ಸೊಪ್ಪು ಹಿಡ್ದು ಓಡ್ತಿರ್ಲಿಲ್ವಾ, ಅದೇ ಕಥೆ, ಇವರದ್ದು ಲಾರಿ ಪೈಪು ಇರೋ ಆವೃತ್ತಿ.

ಮೊನ್ನೆ ಇಲ್ಲಿ ಗ್ರಾಮಸಭೆ ಇತ್ತು, ಅಪ್ಪಯ್ಯನ ಜೊತೆ ಹೋಗಿದ್ದೆ. ಹಳ್ಳಕ್ಕೆ ಕಾಲುಸಂಕ ಹಾಕ್ಸೋ ವಿಷಯ, ಮಳೆಗಾಲದಲ್ಲಿ ಶಾಲೆ ಮಕ್ಕಳು ದಾಟೋಕಾಗಲ್ಲ, ನಾನೂ ಸಣ್ಣವನಿದ್ದಾಗ ಅದೇ ಹಳ್ಳ ದಾಟಿದೋನು, ಮಾತು ನಾಲಿಗೆ ತುದಿಗೆ ಬಂದಿತ್ತು. ಸಹಿ ಪುಸ್ತಕ ಸಾಲಲ್ಲಿ ಬಂತು, ಅಪ್ಪಯ್ಯ ಸಹಿ ಹಾಕಿ ನನ್ನ ಕೈಗೆ ಕೊಟ್ರು, ಮತದಾರರದ್ದು ಮಾತ್ರ ಅಂತ ಗೊತ್ತಿತ್ತಲ್ಲ, ಪಕ್ಕದಲ್ಲಿ ಕೂತ ಹುಡುಗಿಗೆ ದಾಟಿಸ್ದೆ. ಅವಳು ಪೆನ್ ಇದ್ಯಾ ಅಣ್ಣ ಅಂದ್ಲು, ಪೆನ್ ಕೊಟ್ಟೆ.