ಎತ್ತರ ಬೆಳೆಯುವ ಕಾಲ ಮುಗಿದ ಮೇಲೂ ಲ್ಯಾರನ್ ಸಿಂಡ್ರೋಮ್‌ಗೆ ಡಾಕ್ಟರ್ ಬೇಕಾ?

"ಈಕ್ವೆಡಾರ್ ದೇಶದಲ್ಲಿ ನೋಡಿದ ಪ್ರಕಾರ ಲ್ಯಾರನ್ ಇದ್ದವರಿಗೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲವಂತೆ, ಮತ್ಯಾಕೆ ಟೆಸ್ಟು" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ಮನೆಯಲ್ಲಿ ಎಷ್ಟು ವರ್ಷ ಹೇಳಿದ್ದೇನೋ!

ನನಗೂ ಲ್ಯಾರನ್ ಇದೆ, ಹುಟ್ಟಿನಿಂದಲೇ ಬರುವ, ಎತ್ತರ ಬೆಳೆಯದ ಕಾಯಿಲೆ. ವಯಸ್ಸು ಈಗ 41. ಬದಿಯಡ್ಕದಲ್ಲಿ ಜೆರಾಕ್ಸ್ ಅಂಗಡಿ. ಎತ್ತರ 122 ಸೆಂಟಿಮೀಟರ್. ಅಪ್ಪ ಅಮ್ಮ ಸೋದರ ಸಂಬಂಧದಲ್ಲೇ ಮದುವೆಯಾದವರು, ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ನನಗೆ ಬಂತು. ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನ್ ಧಾರಾಳ ಇದೆ, ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಕೆಟ್ಟಿದೆ. ಹಾಗಾಗಿ ಆ ಹಾರ್ಮೋನಿನ ಅಪ್ಪಣೆಯಂತೆ ದೇಹ ತಯಾರಿಸಿ ಬೆಳವಣಿಗೆ ಮಾಡಿಸುವ ಐಜಿಎಫ್-1 ತೀರಾ ಕಡಿಮೆ. ಚಿಕ್ಕವನಿದ್ದಾಗ ಬೆಳಗಿನ ಜಾವ ಸಕ್ಕರೆ ಇಳಿದು ಬೆವರುತ್ತಿದ್ದೆ, ಅಮ್ಮ ಬೆಲ್ಲದ ನೀರು ಕುಡಿಸುತ್ತಿದ್ದರು.

ನಾನು ಮಾಡಿದ ತಪ್ಪು ಒಂದೇ, ತೂಕದ ಮಿಷನ್ ನಂಬಿದ್ದು. 36 ಕೆಜಿ. ಎಂಟು ವರ್ಷ ಅದೇ 36. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಹಾಕಿದರೆ 24ರ ಆಸುಪಾಸು, ಚಾರ್ಟಿನಲ್ಲಿ ನಾರ್ಮಲ್. ಆದರೆ ಆ ಚಾರ್ಟು ನಮ್ಮಂಥವರಿಗೆ ಮಾಡಿದ್ದಲ್ಲ. ನಮಗೆ ಮಾಂಸಖಂಡ ಕಡಿಮೆ, ಎಲುಬು ಸಣ್ಣದು. ಕೊಬ್ಬು ಕರಗಿಸುವುದು ಬೆಳವಣಿಗೆಯ ಹಾರ್ಮೋನಿನ ಕೆಲಸಗಳಲ್ಲೊಂದು, ನಮ್ಮಲ್ಲಿ ಆ ಕೆಲಸ ನಡೆಯುವುದೇ ಇಲ್ಲ. ಅಂದರೆ 36ರಲ್ಲಿ ಕೊಬ್ಬಿನ ಪಾಲೇ ಜಾಸ್ತಿ. ವರ್ಷ ಹೋದ ಹಾಗೆ ಒಂದು ಕೆಜಿ ಮಾಂಸ ಹೋಗಿ ಒಂದು ಕೆಜಿ ಕೊಬ್ಬು ಬಂದರೆ ಮುಳ್ಳು ಅಲ್ಲಾಡುತ್ತದಾ? ಇಲ್ಲ ಅಲ್ವಾ. ನಾನು ಆ ಮುಳ್ಳು ನೋಡಿಕೊಂಡೇ ಖುಷಿಯಲ್ಲಿದ್ದೆ.

ವಿಷಯ ಗೊತ್ತಿದ್ದದ್ದು ಟೈಲರ್‌ಗೆ. ಮಕ್ಕಳ ಸೈಜಿನ ಪ್ಯಾಂಟ್ ತಂದು ಉದ್ದ ಕಡಿಮೆ ಮಾಡಿಸುತ್ತಿದ್ದೆ, ಆಮೇಲೆ ಸೊಂಟ ಬಿಡಿಸುವುದು ಶುರುವಾಯಿತು. ಒಂದು ದಿನ ಹೊಲಿಗೆ ಬಿಚ್ಚಿ ತೋರಿಸಿದರು: "ಇನ್ನು ಒಳಗೆ ಬಟ್ಟೆಯೇ ಇಲ್ಲ ಮಾರಾಯ್ರೆ." ಒಗೆದು ಕುಗ್ಗಿದೆ ಅಂದುಕೊಂಡೆ.

ಮೂರು ವರ್ಷದ ಹಿಂದೆ ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಕಲ್ಲಿರಲಿಲ್ಲ, ಫ್ಯಾಟಿ ಲಿವರ್ ಇತ್ತು. ಕುಡಿಯುವ ಅಭ್ಯಾಸ ನನಗಿಲ್ಲ. ಎಲ್‌ಡಿಎಲ್ ಎನ್ನುವ ಕೆಟ್ಟ ಕೊಲೆಸ್ಟ್ರಾಲ್ 190 ದಾಟಿತ್ತು. ಖಾಲಿ ಹೊಟ್ಟೆಯ ಸಕ್ಕರೆ 118, ಅದೂ ಇರಬೇಕಾದದ್ದಕ್ಕಿಂತ ಜಾಸ್ತಿ.

ಈಗ ನಿಮ್ಮ ಈಕ್ವೆಡಾರ್ ವಿಷಯ. ಅಲ್ಲಿ ಲ್ಯಾರನ್ ಇದ್ದ 99 ಜನರನ್ನು 22 ವರ್ಷ ನೋಡಿದ್ದು, ಒಬ್ಬರಿಗೂ ಸಕ್ಕರೆ ಕಾಯಿಲೆ ಕಾಣದ್ದು, 2011ರಲ್ಲಿ ಪ್ರಕಟವಾದದ್ದು, ಎಲ್ಲ ನಿಜ. ಆದರೆ 1966ರಲ್ಲಿ ಇದನ್ನು ಮೊದಲು ವಿವರಿಸಿದ ಡಾ. ಜ್ವಿ ಲ್ಯಾರನ್ ಅವರ ಇಸ್ರೇಲಿನ ರೋಗಿಗಳಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬಂದಿದೆ. ಈಕ್ವೆಡಾರ್‌ನವರಿಗೆ ಬರಲಿಲ್ಲ ಅಂತ ಬದಿಯಡ್ಕದವನಿಗೂ ಬರಬಾರದು ಅಂತ ಇದೆಯಾ? ಸಕ್ಕರೆ ಕಾಯಿಲೆ ಬಾರದೇ ಇದ್ದರೂ ಲಿವರ್, ಕೊಲೆಸ್ಟ್ರಾಲ್ ಬೇರೆ ಕಥೆ.

ಐಜಿಎಫ್-1 ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಕ್ಕಳಿಗೆ. ಎಲುಬಿನ ತುದಿ ಕೂಡಿಕೊಂಡ ಮೇಲೆ ಎತ್ತರ ಬೆಳೆಯುವುದಿಲ್ಲ, ಊಟ ತಪ್ಪಿದರೆ ಸಕ್ಕರೆ ಇಳಿಯುವ ಭಯ ಬೇರೆ. ನಾನು ತೆಗೆದುಕೊಳ್ಳಲಿಲ್ಲ. ಡಾಕ್ಟರ್ ಕೊಲೆಸ್ಟ್ರಾಲಿಗೆ ಮಾತ್ರೆ ಕೊಟ್ಟರು, ಅನ್ನ ಅರ್ಧ ಮಾಡಿದೆ, ಮಾಂಸಖಂಡಕ್ಕೆ ವ್ಯಾಯಾಮ ಶುರು ಮಾಡಿದೆ. ಎತ್ತರದ ಲೆಕ್ಕ ಬಿಟ್ಟುಬಿಡಿ, ಸೊಂಟಕ್ಕೆ ಟೇಪ್ ಹಿಡಿಯಿರಿ.

ಲಿಪಿಡ್, ಲಿವರ್ ಟೆಸ್ಟ್, ಸಕ್ಕರೆ, ಹೊಟ್ಟೆ ಸ್ಕ್ಯಾನ್, ಇಷ್ಟು ಈ ತಿಂಗಳೇ ಮಾಡಿಸಿ. ಎಲುಬು, ಕೊಬ್ಬು ಅಳೆಯುವ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನಿನಲ್ಲಿ ಕೊಬ್ಬಿನ ಪಾಲು ಗೊತ್ತಾಗುತ್ತದೆ. ಅದರಲ್ಲಿ ಎಲುಬು ಸವೆದಿದೆ ಎಂದು ಬಂದರೆ ಕೂಡಲೇ ಗಾಬರಿ ಬೇಡ, ಸಣ್ಣ ಎಲುಬನ್ನು ಆ ಯಂತ್ರ ಸವೆದದ್ದೆಂದೇ ತೋರಿಸುವುದುಂಟು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಲ್ಯಾಬ್ ತೆಗೆಯುವ ಹೊತ್ತಿಗೇ ಹೋಗಿ, ಕೊಟ್ಟ ಕೂಡಲೇ ತಿನ್ನಲು ಚೀಲದಲ್ಲಿ ಎರಡು ಕದಳಿ ಬಾಳೆಹಣ್ಣು ಇರಲಿ. ನಾನು ಹನ್ನೊಂದು ಗಂಟೆಯವರೆಗೆ ಕಾದು, ತಲೆ ತಿರುಗಿ ಅಲ್ಲೇ ಬೆಂಚಿನ ಮೇಲೆ ಮಲಗಿದ್ದೆ. ಯಾರೋ ಮಗು ಅಂದುಕೊಂಡು ನರ್ಸ್ ಎತ್ತಿಕೊಳ್ಳಲು ಬಂದಿದ್ದರು.