ಇಂಗ್ಲೆಂಡಿನ ಚಾರಿಟಿ ಅಂಗಡಿಗಳಲ್ಲಿ ಹಳೇ ಸಾಮಾನು ಹುಡುಕುವುದರಲ್ಲಿ ಅಂಥದ್ದೇನು ಖುಷಿ?

ಏನು ಸಿಗುತ್ತೆ ಅಂತ ಗೊತ್ತಿಲ್ಲದಿರುವುದೇ ಖುಷಿ. ಸೇವಾ ಸಂಸ್ಥೆಗಳು ನಡೆಸುವ ಈ ಅಂಗಡಿಗಳು ಜನ ದಾನ ಕೊಟ್ಟಿದ್ದನ್ನೇ ಮಾರುವುದರಿಂದ ಇವತ್ತು ಕಂಡದ್ದು ನಾಳೆ ಇರಲ್ಲ. ಇನ್ನೊಂದು ಸೈಜ್ ಕೇಳೋ ಹಾಗೂ ಇಲ್ಲ. ಮೊನ್ನೆ ನಾಲ್ಕು ಪೌಂಡಿಗೆ ಉಣ್ಣೆ ಕೋಟು ಸಿಕ್ಕಿತು. ಒಳಜೇಬಿನಲ್ಲಿ ಯಾರದೋ ಬಸ್ ಟಿಕೆಟ್, ಒಂದು ಗುಂಡಿಗೆ ಮಾತ್ರ ಬೇರೆ ಬಣ್ಣದ ದಾರ. (ಹಾಗೇ ಬಿಟ್ಟಿದ್ದೇನೆ.)

ಸರಕು ಪುಕ್ಕಟೆ, ಕೌಂಟರಿನಲ್ಲಿ ಹೆಚ್ಚಿನವರು ಸ್ವಯಂಸೇವಕರು, ಅಂಗಡಿಯ ಮೇಲಿನ ತೆರಿಗೆಯಲ್ಲೂ ಶೇ. 80 ವಿನಾಯಿತಿ. ಅದಕ್ಕೇ ಅಗ್ಗ. ಆಕ್ಸ್‌ಫ್ಯಾಮ್ ಅನ್ನೋ ಸೇವಾ ಸಂಸ್ಥೆ ಪುಸ್ತಕಕ್ಕೇ ಪ್ರತ್ಯೇಕ ಅಂಗಡಿಗಳನ್ನು ಇಟ್ಟಿದೆ; ಅಲ್ಲಿ ಅಪರೂಪದ್ದನ್ನು ಗುರುತಿಸಿ ತಕ್ಕ ಬೆಲೆ ಹಾಕಿರುತ್ತಾರೆ. ಹಾಗಾಗಿ ನಾನು ಸಣ್ಣ ಊರಿನ ಅಂಗಡಿಗಳನ್ನೇ ನೆಚ್ಚಿಕೊಂಡವನು. ಚೌಕಾಸಿ ಮಾತ್ರ ಬೇಡ, ದುಡ್ಡು ಹೋಗೋದು ಸೇವೆಗೆ.