‘ಇಂಗಲ್‌ನುಕ್’ ಎಂದರೇನು, ಆ ಪದ ಎಲ್ಲಿಂದ ಬಂತು?

ಮೂಡಿಗೆರೆ ಕಡೆಯ ಹಳೆಯ ತೋಟದ ಬಂಗಲೆಯಲ್ಲಿ ಈ ಹೆಸರು ಕಂಡು ಓದುಗರೊಬ್ಬರು ಹೀಗೆ ಕೇಳಿದ್ದಾರೆ. ‘ಇಂಗಲ್‌ನುಕ್’ ಎಂಬ ಹೆಸರಿನ ಅರ್ಥ, ಬೆಂಕಿಗೂಡಿನ ಪಕ್ಕದಲ್ಲಿ ಮೈ ಕಾಯಿಸುತ್ತ ಕೂರುವ ಮೂಲೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ‘ಇಂಗಲ್’ ಎಂದರೆ ಮನೆಯೊಳಗಿನ ಬೆಂಕಿ. ಅದು ಅಲ್ಲಿನದೇ ಇನ್ನೊಂದು ನುಡಿಯಾದ ಗೇಲಿಕ್ ಮೂಲದ್ದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಮೂಲೆ ಎಂಬರ್ಥದ ‘ನುಕ್’ 1300ರ ಸುಮಾರಿಗೇ ಇಂಗ್ಲಿಷಿನಲ್ಲಿತ್ತು. ಜೋಡುಪದ 18ನೇ ಶತಮಾನದ್ದು.

ಈ ಮೂಲೆಗೆ ಪ್ರತ್ಯೇಕ ಹೆಸರು ಬರಲು ಕಾರಣ ಬ್ರಿಟನ್ನಿನ ಹಳೆಯ ಮನೆಗಳ ಕಟ್ಟಡ: ಅಡುಗೆಗೂ ಚಳಿಗೂ ಒಂದೇ ಬೆಂಕಿಯಿದ್ದು, ಅದರ ಕಾವಿನ ಬಹುಪಾಲು ಹೊಗೆಗೂಡಿನಿಂದ ಮೇಲೇರಿ ಹೋಗುತ್ತಿದ್ದುದರಿಂದ, ವಿಶಾಲವಾದ ಬೆಂಕಿಗೂಡಿನೊಳಗೇ ಇಕ್ಕೆಲಗಳಲ್ಲಿ ಆಸನ ಮಾಡಿಕೊಂಡು ಕೂರುತ್ತಿದ್ದರು. ಆಷಾಢದ ಜಡಿಮಳೆಯಲ್ಲಿ ನಮ್ಮ ಮಲೆನಾಡಿನವರು ಬಚ್ಚಲೊಲೆಯ ಮುಂದೆ ಕೂರುವುದೂ ಇದೇ ಕಾವಿಗಾಗಿ. ಬೆಂಕಿಗೂಡಿಲ್ಲದ ಕಿಟಕಿಯ ಮೂಲೆಗೆ, ಅದೆಷ್ಟೇ ಹಿತವಾಗಿರಲಿ, ಈ ಹೆಸರು ಸಲ್ಲದು. ಅದನ್ನು ಬರೀ ‘ನುಕ್’ ಎನ್ನಬೇಕು.